ಮಾದರ ಅಂದ್ರ ತಾಯಿ

ಎರಡ ಮಾತ ಬೇ, ಮಲಕವ್ವಾ! ಮೂರನೇದ್ದ ನಾ ಕೇಳೂದಿಲ್ಲ. ‘ಹೌದು, ಅವತ್ತ ಜ್ವರ ಬಂದಿತ್ತು.’ ಇಷ್ಟ ಅಂದ್ಬಿಡು, ಮುಗೀತು. ಆಕಿ ಕೇಳ್ತಾಳು, ನೀ ಅಂತಿ, ಆಕಿ ತಲಿ ಅಳ್ಳಾಡಸ್ತಾಳು. ಆಮ್ಯಾಲೆ ಚಹಾ ಕುಡ್ಯೂದು, ನೀ ಹಾಡೂದು, ಆಕಿ ತನ್ನ ರಿಕಾರ್ಡಿಂಗ್ ಮಿಷನ್ನಿನ್ಯಾಗ ತುಂಬ್ಕೊಂಡು ಹೋಗೂದು. ಇದರಾಗ ಯಾರಿಗೇನ ಲುಕ್ಸಾನ ಐತಿ ಹೇಳು?... ಯಾಕ, ಎಲಿ ಕತ್ತರಸೂದ ಯಾಕ ನಿಲ್ಲಿಸಿದಿ? ಕತ್ತರಸು, ಕತ್ತರಸು. ಪೇಟಿ ಮಾಸ್ತರ ಬಂದಾನಂತ ಬೀಡಿ ಕೆಲಸಾ ನಿಂದರಬಾರದು.

ಯಾವ ಜ್ವರ ಅಂತ ನೋಡಾಕತ್ತಿ, ಹೌದಲಾ? ಹೇಳ್ತೀನಿ. ಸ್ವಲ್ಪ ತಡಿ. ನೀರ ಕೊಡ ಮೊದಲ... ಹಾಂ. ಇದ ನೋಡ, ನೀ ಇಷ್ಟ ಮಾಡ್ತೀಯಲಾ, ಕೇಳೂಕಿಂತ ಮೊದಲ ತಂಬಿಗಿ ತುಂಬಿ ಇಡ್ತೀಯಲಾ, ಇದಕ್ಕ ನನಗ ಧೈರ್ಯಾ ಬಂತು. ಅಥಣಿ ಕಾರ್ಯಕ್ರಮ ಆಗಿ ನಾಲ್ಕ ವರ್ಷ ಆತು. ಮಂಗಳವಾರ, ಶುಕ್ರವಾರ ನಿಪ್ಪಾಣಿಗೆ ಸಂಗೀತ ಕಲಸಾಕ ಬರ್ತೀನಿ, ನಿಮ್ಮ ಓಣಿ ಹಿಡದ ಹೋಗ್ತೀನಿ. ‘ಬರ್ರಿ ಮಾಸ್ತರ, ಚಹಾ ಕುಡದ ಹೋಗ್ರಿ’ ಅಂತಿ. ಒಂದ ದಿನಾನೂ ಮಾರಿ ತಿರುವಿಲ್ಲ. ನಾನ ಅವಸರ ಐತಿ ಅಂತ ಹೇಳಿ ಓಡತಿದ್ದೆ. ಅವಸರ ಏನ ಇರತಿತ್ತು, ಮಣ್ಣು!

ಮಹನಾಜ್ ಕೊಲ್ಹಾಪುರದಿಂದ ಫೋನ್ ಮಾಡಿದ್ಲು. ಗಾಡಿ ಬಿಟ್ಟಾಳ. ಇನ್ನೊಂದ ತಾಸಿನ್ಯಾಗ ನಿನ್ನ ಬಾಗಲದಾಗ ಇಳೀತಾಳು. ನೆನಪದಾಳಲಾ? ಪುಣೇದಾಗ ಓದಾಕ ಬಂದಿದ್ದ ಇರಾಣದ ಹುಡಿಗಿ, ಇದ ಕಟ್ಟಿ ಮ್ಯಾಲೆ ಕುಂತು ನಿನ್ನ ಕೂಡ ಬೀಡಿ ಸುತ್ತಾಕ ಹೋಗಿ ಬಟ್ಟ ಕೊಯ್ಕೊಂಡಿದ್ಲು... ನಕ್ಕಿ! ಹಾಂ, ಆಕೀನ. ಕಾರ್ಯಕ್ರಮಕ್ಕಿಂತ ಮೊದಲ ಅಪ್ಪಗ ಹುಷಾರಿಲ್ಲಂತ ಊರಿಗಿ ಹೋದಾಕಿ, ಈಗ ಬಂದಾಳ. ಬಂದಾಕಿ ಪುಣೇದಾಗ ಇಳದು ಸೀದಾ ಇಲ್ಲಿಗೆ ಹೊಂಟಾಳ, ನಡುವ ಎಲ್ಲೂ ನಿಂತಿಲ್ಲ. ಫೋನಿನ್ಯಾಗ ಏನಂದ್ಲ ಗೊತ್ತೇನ? ‘ಮಾಸ್ತರ್, ಆ ಹಾಡ ಮಲಕವ್ವನ ಬಾಯಿಂದ, ಮಲಕವ್ವನ ಮನೀಯೊಳಗ ಕೇಳಬೇಕು. ಬ್ಯಾರೆ ಯಾರದೂ ಬ್ಯಾಡ.’ ನಿನಗೂ ಟಿವಿ ನೋಡಿ ನೋಡಿ ಹಿಂದಿ ತಿಳೀತೈತಿ, ಆಕಿಗೂ ನಾಲ್ಕ ಮಾತ ಹಿಂದಿ ಬರ್ತಾವು. ನಾ ನಡುವ ಇಲ್ಲದಿದ್ರೂ ನೀವಿಬ್ಬರೂ ಮಾತಾಡ್ತೀರಿ. ನನಗ ಕೆಟ್ಟ ಹೆದರಿಕಿ ಆಗಿದ್ದು ಅದಕ್ಕ.

ಎಂಥಾ ವಹಿ ತಂದಿದ್ಲ ಬೇ ಆಕಿ ಮೊದಲ ಸಲ ಬಂದಾಗ! ಅವರಜ್ಜಿ ಸಾಲಿ ಕಲಸಾಕಿ. ಅಜ್ಜಿ, ಮತ್ತ ಮೂರ ಮಂದಿ ಗೆಳತ್ಯಾರು ಕೂಡಿ ಬರದ ಕವಿತಾ. ಗಂಡಸರ ಕಣ್ಣಿಗೆ ಬೀಳಬಾರದಂತ ಹಿಟ್ಟಿನ ಡಬ್ಬಿಯೊಳಗ ಹುಗದ ಇಡ್ತಿದ್ರಂತ. ಹಾಳಿ ತಿರುವಿದ್ರ ಕೈಬಟ್ಟಿಗೆ ಇನ್ನೂ ಹಿಟ್ಟ ಹತ್ತತಿತ್ತು. ಆಕಿ ಅಂದ್ಲು: ಇವಕ್ಕ ಹೊಸ ಧಾಟಿ ಹಚ್ಚಿ ಕೊಡ್ರಿ ಮಾಸ್ತರ್, ನಮ್ಮ ದೇಶದ್ದೂ ಬ್ಯಾಡ, ನಿಮ್ಮ ದರ್ಬಾರದ್ದೂ ಬ್ಯಾಡ. ಹೆಂಗಸರು ಅಡಗಿಮನ್ಯಾಗ ಬರದದ್ದು, ಹೆಂಗಸರು ಕೆಲಸಾ ಮಾಡ್ತ ಹಾಡೂವಂಥಾದ್ದ ಬೇಕು. ನಾ ಮೂರ ತಿಂಗಳ ಹಾರ್ಮೋನಿಯಂ ಪೇಟಿ ಬಡದೆ. ಭೀಮಪಲಾಸ ಹಚ್ಚಿದೆ, ಪೀಲೂ ಹಚ್ಚಿದೆ, ಮಾಂಡ ಹಚ್ಚಿದೆ. ಊಹೂಂ! ಮಾತ ಒಂದ ಕಡೆ, ಸ್ವರ ಒಂದ ಕಡೆ, ಜಗಳಾಡಿದ ಗಂಡಾ ಹೆಂಡ್ತೀಗತೆ. ಕಡೀಕ ಒಂದ ಮಂಗಳವಾರ ಕ್ಲಾಸ ಮುಗಿಸಿ ಇಲ್ಲಿಂದ ಹೊಂಟಾಗ ನೀ ಹಾಡಾಕತ್ತಿದ್ದಿ. ತವರಿಗಿ ಬಂದ ಮಗಳು ಹೊರಗ ನಿಂತು ಕರೀತಾಳಲಾ, ಆ ಹಾಡ. ಕರದ ಕೂಡ್ಲೆ ಒಂದ ಕ್ಷಣ ಉಸರ ಹಿಡೀತಿ ನೋಡ ನೀ, ಒಳಗಿಂದ ಯಾರರ ಓ ಅಂತಾರೇನಂತ... ಅಲ್ಲೇ ನಾ ನಿಂತ್ಬಿಟ್ಟೆ. ಅಜ್ಜಿ ಕವಿತಾ ಅಲ್ಲೇ ಹೋಗಿ ಕುಂತ್ಕೊಂತು.

ಹೌದು, ಧಾಟಿ ನಿಂದು. ನಾ ಎಂದರ ಇಲ್ಲಾ ಅಂದೇನೇನ?... ಹಂಗ ನೋಡಬ್ಯಾಡ. ಅಂದೇನಿ. ಎರಡ ಮೂರ ಕಡೆ ‘ನಾ ಹಚ್ಚಿದ್ದು’ ಅಂದೇನಿ. ಅದೂ ಖರೇ. ಆದ್ರ ಇವತ್ತಿನ ಮಾತ ಅದಲ್ಲ.

‘ಮಾದರ, ದರ ಬಾಜ್ ಕೊನ್, ಮನಮ್.’ ಅವ್ವಾ, ಬಾಗಲಾ ತಗಿ, ನಾನ ಅದೀನಿ. ಒಂದ ಸಲ ಹೇಳಿದ್ದಕ್ಕ ನೀ ಬಾಯಿಪಾಠ ಮಾಡಿದಿ. ‘ದರ ಅಂದ್ರೇನ್ರಿ ಮಾಸ್ತರ, ತಂಬಾಕಿನ ದರಾ?’ ಅಂತ ಕೇಳಿದಿ! ಎಷ್ಟ ನಕ್ಕಿದ್ವಿ ಮೂರೂ ಮಂದಿ. ನಿಪ್ಪಾಣಿಯಾಗ ಹುಟ್ಟಿದಾಕಿಗೆ ಬ್ಯಾರೆ ದರ ಎಲ್ಲಿಂದ ನೆನಪಾಗಬೇಕು? ಬಾಗಲಾ ಬೇ, ನಮ್ಮ ದರವಾಜದ ದರಾ ಅಂದೆ ನಾ. ಆಮ್ಯಾಲೆ ಕೇಳಿದಿ... ಆಮ್ಯಾಲೆ ನಗು ನಿಲ್ಲಿಸಿ ಸಣ್ಣ ದನಿಯೊಳಗ ಕೇಳಿದಿ, ‘ಮತ್ತ ಮಾದರ ಅಂದ್ರ?’

‘ತಾಯಿ’ ಅಂದೆ ನಾ. ನೀ ನಂಬಲಿಲ್ಲ. ಮಾಸ್ತರ ಚಾಷ್ಟಿ ಮಾಡಾಕತ್ತಾನ ಅನಕೊಂಡಿ. ಮಹನಾಜ್ ಕಡೆ ತಿರುಗಿ, ‘ಮಾ? ಆಯೀ?’ ಅಂತ ಕೇಳಿದಿ. ಆಕಿ ಎದಿ ಮ್ಯಾಲೆ ಕೈ ಇಟ್ಟು ಹೌದು ಹೌದು ಅಂದ್ಲು. ಆಗ ನೀ ಮೊರ ಬದಿಗಿ ಸರಿಸಿ ಎದ್ದಿ. ಎದ್ದು ಬಾಗಲದಾಗ ನಿಂತು ಓಣಿಗೆಲ್ಲಾ ಕೇಳೂವಂಗ ಒದರಿದಿ. ‘ಕೇಳ್ರೆವ್ವಾ! ನಮ್ಮ ಕುಲದ ಹೆಸರಿಗಿ ಒಂದ ದೇಶದಾಗ ತಾಯಿ ಅಂತಾರಂತ! ಇಲ್ಲಿ ಮಾದರಾಕಿ ಅಂತ ಹೆಸರ ಹಿಡದ ದೂರ ನಿಲ್ಲಸ್ತಾರು, ಅಲ್ಲಿ ಮಾದರ ಅಂತ ಕರದ ಬಾಗಲಾ ತಗಸ್ತಾರಂತ!’ ಓಣಿ ಹೆಂಗಸರು ಬೀಡಿ ಬಿಟ್ಟು ಓಡಿ ಬಂದಿದ್ರು. ಭಾಗ್ಯಾ, ನಿನ್ನ ಮಗಳು, ಬಾಗಲದ ಮ್ಯಾಲೆ ಸುಣ್ಣದಕಡ್ಡಿಲೆ ಬರದಿದ್ಲು, ‘ಮಾದರ ಅಂದ್ರ ತಾಯಿ’ ಅಂತ. ನನ್ನ ಕಣ್ಣಾಗೂ ನೀರ ಬಂದಿತ್ತು ಬೇ. ಸುಳ್ಳಲ್ಲ. ಅದೊಂದ ಸುಳ್ಳಲ್ಲ.

...ದಾರ ಹರೀತು. ನಿಧಾನ.

ಆತು. ಜ್ವರದ ಮಾತ ಹೇಳ್ತೀನಿ. ಅಥಣಿ ಸಂಗೀತ ಮಂಡಳಿ ಕಾರ್ಯಕ್ರಮದ ದಿನ ನೀ ಚಿಕ್ಕೋಡಿಯೊಳಗ ಬಸ್ಸ ಬದಲಿಸಿ ಒಬ್ಬಾಕೆನ ಬಂದಿ. ಹಸರ ಇಳಕಲ್ ಸೀರಿ ಉಟ್ಟಿದ್ದಿ, ಕೈಯಾಗ ನೀರಿನ ಬಾಟ್ಲಿ ಇತ್ತು. ನಾ ಕಾರ್ಯಕ್ರಮದ ಹಾಲ್‌ನ ಗೇಟಿನ್ಯಾಗ ನಿಂತಿದ್ದೆ. ನಿನ್ನ ನೋಡಿ ಮುಂದ ಬಂದು, ‘ಮಲಕವ್ವಾ, ಕಾರ್ಯಕ್ರಮ ರದ್ದಾತು ಬೇ, ಕರೆಂಟಿಂದ ಏನೋ ತಕರಾರ, ನೀ ತಿರುಗಿ ಹೋಗು’ ಅಂದೆ. ನೀ ‘ಆತ್ರಿ’ ಅಂದಿ. ಒಳಗ ತಬಲಾ ಶ್ರುತಿ ಮಾಡೂದ ಕೇಳಸಾಕತ್ತಿತ್ತು. ಠಣ್ ಠಣ್ ಠಣ್! ನಾ ಅದನ್ನ ಮುಚ್ಚಾಕ ಕೆಮ್ಮಿದೆ...

ಮಲಕವ್ವಾ, ಅವತ್ತ ಕಾರ್ಯಕ್ರಮ ರದ್ದಾಗಿದ್ದಿಲ್ಲ.

ನಡೀತು. ನೀ ತಿರುಗಿ ಹೋದ ಮ್ಯಾಲೆ ನಡೀತು. ನಮ್ಮ ಕ್ಲಾಸಿನ ಮನಿಷಾ ಹಾಡಿದ್ಲು. ‘ಮಲಕವ್ವಗ ಜ್ವರ ಬಂದೈತಿ’ ಅಂತ ನಾನ ಮೈಕಿನ್ಯಾಗ ಹೇಳಿದೆ. ಮಹನಾಜ್‌ಗೂ ಅದನ್ನ ಬರದೆ... ಬೈ ಅಲಾ! ನಾ ದಾರಿಯೊಳಗ ಬರ್ತ ಎಷ್ಟ ತಯಾರಿ ಮಾಡ್ಕೊಂಡ ಬಂದೇನಿ, ನೀ ಮೊರ ತಗದ ಒಗದ್ರ ಹ್ಯಾಂಗ ತಪ್ಪಿಸ್ಕೋಬೇಕು ಅಂತಾನೂ ವಿಚಾರ ಮಾಡೇನಿ. ನೀ ನೋಡಿದ್ರ ಬೀಡಿಗೆ ದಾರ ಸುತ್ತಾಕತ್ತಿ. ಗಾಬರಿ ಆಗ್ಲಿಲ್ಲೇನ ನಿನಗ?

ನನ್ನ ಮಾತ ಕೇಳ ಮೊದಲ. ಅದ ನನ್ನ ತಪ್ಪಲ್ಲ. ಅಂದ್ರ... ಪೂರಾ ನಂದಲ್ಲ. ಕಮಿಟಿಯವರು ಒಪ್ಪಲಿಲ್ಲ. ಕಡೀ ಗಳಿಗಿಗೆ ಬಂದು, ಮಾಸ್ತರ, ಆ ಶಬ್ದ ಸ್ಟೇಜಿನ ಮ್ಯಾಲೆ ಬ್ಯಾಡ, ಮಂದಿ ನಗತಾರು, ಜಾತಿ ಹೆಸರ ಹಿಡದ ಒದರಿದಂಗ ಕೇಳಸ್ತೈತಿ, ಯಾರರ ಎದ್ದ ಜಗಳಾ ತಗದ್ರ ನಾವು ಜವಾಬ್ದಾರಲ್ಲ ಅಂದ್ರು. ನಾ ಎಷ್ಟ ಬಡಕೊಂಡೆ! ಅದ ತಾಯಿ ಅಂತರೀ, ಪಾರಸಿ ಅದರೀ ಅಂದೆ. ಕೇಳಲಿಲ್ಲ. ಆ ಶಬ್ದ ತಗದ ಮ್ಯಾಲೆ ನಿನ್ನ ಹ್ಯಾಂಗ ಹಾಡ ಅನ್ಲಿ? ನಿನಗ ಅದ ತಾನ ಎಲ್ಲಾ? ನಿನ್ನ ಮನಸ ನೋಯಬಾರದಂತ ತಿರುಗಿ ಕಳಿಸಿದೆ. ನಿನ್ನ ಸಲುವಾಗಿ ಬೇ!

ಯಾಕ ನಗತಿ?

ಯಾರ ಅಂದ್ರು ಅಂತಾ? ಕಮಿಟಿಯವರು ಅಂದೆಲ್ಲಾ... ಹೆಸರ? ಹೆಸರ ಯಾಕ ಬೇಕ ನಿನಗ? ಸೆಕ್ರೆಟರಿ... ಇಲ್ಲೇ ಬ್ಯಾಂಕಿನ್ಯಾಗ ಇರಾಂವ, ಸಮಾಧಾನ ಸರ್...

ಏ, ಜೋರ ನಗಬ್ಯಾಡ ಬೇ, ಓಣ್ಯಾಗ ಕೇಳಸ್ತೈತಿ! ಹೌದು... ಹೌದು, ಸಮಾಧಾನ ಹಂಗ ಅನ್ನಾಂವಲ್ಲ. ಏಪ್ರಿಲ್ ಹದಿನಾಕಕ್ಕ ಈ ಓಣ್ಯಾಗ ಜಯಂತಿ ಮಾಡಸಾಂವನ ಅಂವ. ಬ್ಯಾಂಕಿನಿಂದ ಬರ್ತ ನಿನ್ನ ಕೈಯಾಗಿನ ಚಹಾ ಕುಡೀದ ಮನಿಗಿ ಹೋಗಾಂವಲ್ಲ. ಬಾಯಿ ತಪ್ಪಿತು. ಸಮಾಧಾನ ಅಲ್ಲ. ಅಧ್ಯಕ್ಷರು. ಸಂಭಾಜಿ ಅಣ್ಣಾ ಅಂದ್ರು.

ಹಾಂ, ಹೋದ ವರ್ಷ ತೀರಿಕೊಂಡ್ರು... ಗೊತ್ತೈತಿ ನನಗ. ಮಣ್ಣಿಗೆ ಹೋಗಿದ್ದೆ.

ಮಾರಿ ಮ್ಯಾಲೆ ಹಂಗ ಕಣ್ಣ ನೆಡಬ್ಯಾಡ ಮಲಕವ್ವಾ. ಸತ್ತೋರು ತಿರುಗಿ ಬಂದು ಇಲ್ಲಾ ಅನ್ನೂದಿಲ್ಲಂತ ಅವರ ಹೆಸರ ಹೇಳಾಕತ್ತೀನಿ ಅನಕೊಂಡೇನ? ನಾ ಅಂಥಾಂವಾ? ಮೂವತ್ತ ವರ್ಷ ಆತು ಐನಾಪುರದಿಂದ ನಿಪ್ಪಾಣಿ ತನಕಾ ಪೇಟಿ ತವನಪ್ಪ ಮಾಸ್ತರ ಅಂದ್ರ ಮಂದಿ ಮರ್ಯಾದಿ ಕೊಡ್ತಾರು. ಸುಳ್ಳ ಹೇಳಿ ನನಗೇನಾಗಬೇಕು?

ಒಂದ ಅಕ್ಷರ ಬದಲಿಸಿದೆ. ಒಂದ! ‘ಮಾ’ ತಗದು ‘ಸಾ’ ಇಟ್ಟೆ. ಸಾದರ, ದರ ಬಾಜ್ ಕೊನ್. ಧಾಟಿಗೆ ಬಾಧೆ ಇಲ್ಲ, ತಾಳಕ್ಕ ಬಾಧೆ ಇಲ್ಲ, ‘ಸಾ’ ಅಂದ್ರ ಸಂಗೀತಕ್ಕ ತಾಯಿ ಇದ್ದಂಗ ಅಂತ ನನಗ ನಾನ ಹೇಳ್ಕೊಂಡೆ. ಸಾದರ! ಲಗ್ನಪತ್ರಿಕಿ ಒಳಗ ಇರ್ತೈತಲಾ, ಸಾದರ ಆಮಂತ್ರಣ... ಅವ್ವನ್ನ ಕರ್ಯಾಕ ಬಂದ ಮಗಳು ಹೊರಗ ನಿಂತು, ‘ದಯಮಾಡಿ ಬಾಗಲಾ ತಗೀಬೇಕಾಗಿ ವಿನಂತಿ’ ಅಂದಂಗಾತು. ಮನಿಷಾ ಪಾಪ, ಬರಕೊಟ್ಟಿದ್ದನ್ನ ಹಾಡಿದ್ಲು. ಛಂದ ಹಾಡಿದ್ಲು. ಚಪ್ಪಾಳೆ ಬಿದ್ವು.

ಆ ಸಿಡಿ ಮಹನಾಜ್‌ಗ ಕಳಿಸಿದೆ. ಯಾಕ ಕಳಿಸಿದ್ನೋ! ಹಮ್ಮು. ಆಕಿ ಏನ ಬರದ್ಲ ಗೊತ್ತೇನ? ‘ಮಾಸ್ತರ್, ಹುಡಿಗಿ ಸಾದರ ಅಂದದ್ದು ನನಗ ಸಾದಿರ್ ಅಂತ ಕೇಳಸ್ತು, ನಮ್ಮ ಮಾತಿನ್ಯಾಗ ಸಾದಿರ್ ಅಂದ್ರ ಪರದೇಶಕ್ಕ ಕಳಿಸಿದ ಮಾಲು. ನಮ್ಮಜ್ಜಿ ಅವ್ವನ್ನ ಕರದಾಳ. ನೀವು ಮಾಲನ್ನ ಯಾಕ ಕರ್ಯಾಕತ್ತೀರಿ?’ ಭೂಮಿ ಬಾಯಿ ಬಿಡಬಾರದ ಅನಸ್ತು. ಆಗರ ಖರೇ ಬರೀಬೇಕಾಗಿತ್ತು. ಬರೀಲಿಲ್ಲ. ‘ಹುಡಿಗಿ ಉಚ್ಚಾರ ತಪ್ಪಿತು’ ಅಂತ ಬರದೆ. ಹದಿನೇಳ ವರ್ಷದ ಮನಿಷಾನ ಮ್ಯಾಲೆ ಹಾಕಿದೆ ಬೇ, ಆ ಕೂಸಿಗೆ ಇವತ್ತಿನ ತನಕಾ ಗೊತ್ತಿಲ್ಲ. ಹಿಂಗ ಒಂದರ ಮ್ಯಾಲೊಂದು. ಅದಕ್ಕ ಅಂತೀನಿ, ಎರಡ ಮಾತ ಹೇಳ್ಬಿಡು. ಜ್ವರ ಬಂದಿತ್ತು ಅನ್ನು. ನಾ ಉಳೀತೀನಿ. ಆಕಿ ಕಣ್ಣಾಗರ ಮನಶ್ಯಾ ಆಗಿ ಉಳೀತೀನಿ... ಎಲ್ಲಿ ಹೊಂಟಿ?

ಮಲಕವ್ವಾ? ಒಳಗ ಯಾಕ ಹ್ವಾದಿ? ಸಿಟ್ಟ ಬಂತಾ? ಬಂದ್ರ ಬರ್ಲಿ, ಹೊರಗ ಬಂದ ಬೈ! ಪೆಟ್ಟಿಗಿ ಯಾಕ ತಗ್ಯಾಕತ್ತಿ? ಸೀರಿ ತೋರಸ್ತಿಯೇನ? ಹಸರ ಸೀರಿ ನನಗ ನೆನಪೈತಿ, ತೋರಸಬ್ಯಾಡ...

ಏನಿದು? ಕಾಗದಾ? ನನ್ನ ಚಸ್ಮಾ... ತಡಿ. ‘ಅಥಣಿ ಸಂಗೀತ ಮಂಡಳಿ. ಪಾರಸಿ ಮಹಿಳೆಯರ ಕವಿತೆಗಳು, ನಮ್ಮ ಧಾಟಿಯಲ್ಲಿ. ಹಾಡುವವರು: ಶ್ರೀಮತಿ ಮಲಕವ್ವ ಮಾದರ, ನಿಪ್ಪಾಣಿ.’ ಹೌದು, ಪತ್ರಿಕಿ. ಮಂಡಳಿಯವರು ಅಚ್ಚ ಹಾಕ್ಸಿದ್ದು. ಕೆಳಗ ಹಾಡಿನ ಸಾಲು. ‘ಮಾದರ ಎಂದರೆ ತಾಯಿ’ ಅಂತ ಅರ್ಥಾನೂ ಹಾಕ್ಯಾರ. ಅದ... ಅದ ಒಂದ ವಾರ ಮೊದಲ ಅಚ್ಚಾಗಿತ್ತು. ಆಮ್ಯಾಲೆ ಮನಸ ಬದಲಿಸಿದ್ರು. ಸಂಭಾಜಿ ಅಣ್ಣಾ...

ತಡಿ.

ಇದ ನಿನ್ನ ಕಡೆ ಹ್ಯಾಂಗ ಬಂತು?

ಈ ಪತ್ರಿಕಿ ಊರಾಗ ಹಂಚಿದ್ದಲ್ಲ. ಹಾಲಿನೊಳಗ ಕುಂತೋರಿಗಷ್ಟ ಕೊಟ್ಟಿದ್ದು, ಒಂದೊಂದ ಕುರ್ಚಿ ಮ್ಯಾಲೆ ಇಟ್ಟಿದ್ರು. ಮಂಡಳಿಯವರು ಇಡೂದನ್ನ ನಾನ ನೋಡೇನಿ. ನೀ ಗೇಟಿನಿಂದ ತಿರುಗಿ ಹೋದಿ. ನಾ ಕಣ್ಣಾರೆ ನೋಡೇನಿ, ಸ್ಟ್ಯಾಂಡಿನ ಕಡೆ ಹೊಂಟಿದ್ದಿ... ಹೋಗಲಿಲ್ಲಾ?

ಒಳಗ ಬಂದಿದ್ದೇನ ಮಲಕವ್ವಾ?

ಯಾರ ಕರಕೊಂಡ ಬಂದ್ರು? ...ಸಮಾಧಾನ. ಅಂವನೂ ಇಲ್ಲಿಂದ ಬಸ್ಸಿಗೆ ಬರಾಂವ, ಸ್ಟ್ಯಾಂಡಿನ ಕಡಿಂದನ ಬರಬೇಕು ಹಾಲಿಗೆ. ದಾರಿಯೊಳಗ ನಿನ್ನ ನೋಡ್ಯಾನ. ‘ಅಲ್ಲಾ ಆಯಿ, ನೀ ಇಲ್ಲೇನ ಮಾಡಾಕತ್ತಿ, ಅಲ್ಲಿ ಎಲ್ಲಾರೂ ನಿನ್ನ ದಾರಿ ಕಾಯಾಕತ್ತಾರ’ ಅಂದಿರಬೇಕು. ಕರಕೊಂಡ ಬಂದು ಹಿಂದಿನ ಸಾಲಿನ್ಯಾಗ ಕುಂದ್ರಿಸ್ಯಾನ. ನಾ ಸ್ಟೇಜಿನ ಮ್ಯಾಲೆ. ದೀಪ ನನ್ನ ಕಣ್ಣಿಗಿ ಹೊಡೀತಿತ್ತು, ಹಿಂದ ಯಾರದಾರಂತ ಕಾಣತಿದ್ದಿಲ್ಲ. ಆಗ ನಾ ಮೈಕ್ ಹಿಡದು...

ಅಯ್ಯ ದೇವ್ರ. ‘ಮಲಕವ್ವಗ ಜ್ವರ ಬಂದೈತಿ, ಹಾಸಗಿ ಹಿಡದಾಳ’ ಅಂದೆ. ನೀ ಅಲ್ಲೇ ಕುಂತ ಕೇಳಿದಿ! ಹಸರ ಸೀರಿ ಉಟಗೊಂಡು, ನೀರಿನ ಬಾಟ್ಲಿ ಹಿಡಕೊಂಡು, ನೆಟ್ಟಗ ಕುಂತು, ನಿನ್ನ ಜ್ವರದ ಸುದ್ದಿ ನನ್ನ ಬಾಯಿಂದ ಕೇಳಿದಿ. ಸಮಾಧಾನ ಎದ್ದಿರಬೇಕು ಒದರಾಕ. ಎದ್ದಿದ್ದಾ? ನೀ ಅಂಗಿ ಹಿಡದು ಕುಂದ್ರಸಿದೇನ? ...ಅದಕ್ಕ. ಅದಕ್ಕ ಅಂವ ಅವತ್ತಿಂದ ನನಗ ನಮಸ್ಕಾರ ಮಾಡೂದ ಬಿಟ್ಟಾನ. ಬ್ಯಾಂಕಿನ್ಯಾಗ ಪ್ರಮೋಷನ್ ಆಗಿ ತಲಿಗೇರೈತಿ ಅಂತ ನಾ ಊರತುಂಬ ಹೇಳ್ಕೊಂಡ ತಿರಗಾಕತ್ತೇನಿ!

ಸಾದರ ಅಂದದ್ದೂ ಕೇಳಿದಿ. ನಾ ಪೇಟಿ ನುಡಸ್ಕೋತ ತಲಿ ದೂಗಿದ್ದೂ ನೋಡಿದಿ. ಚಪ್ಪಾಳೆ ಬಿದ್ದಾಗ ನಾ ಎದ್ದ ಕೈ ಮುಗದೆ, ಅದನ್ನೂ.

ಮತ್ತ ಮರು ಮಂಗಳವಾರ ‘ಬರ್ರಿ ಮಾಸ್ತರ, ಚಹಾ ಕುಡದ ಹೋಗ್ರಿ’ ಅಂದಿ. ಮತ್ತೊಂದ ಶುಕ್ರವಾರ ಅಂದಿ. ನಾಲ್ಕ ವರ್ಷ ಅಂದಿ. ಹ್ಯಾಂಗರ ಬಾಯಿ ಬಂತ ನಿನಗ? ಯಾಕ ಕೇಳಲಿಲ್ಲ? ಇಂವ ಒಂದಿಲ್ಲೊಂದ ದಿನ ಕಟ್ಟಿ ಮ್ಯಾಲೆ ಕುಂತು ತಾನ ಹೇಳ್ತಾನಂತ ಕಾದಿ? ನಾ ಓಡತಿದ್ದೆ. ನೀ ಕಾಯತಿದ್ದಿ.

ಹಂಗಾರ ಸಮಾಧಾನ ಹೇಳಿರಬೇಕು ನಿನಗ. ಕಮಿಟಿಯೊಳಗ ಏನಾತು, ಏನಾಗಲಿಲ್ಲ... ನಾ ಇಷ್ಟೊತ್ತ ಸಂಭಾಜಿ ಅಣ್ಣಾ ಅಂದ್ರು, ಅಂವ ಅಂದ, ಇಂವ ಅಂದ ಅಂತ ಒದರಾಕತ್ತಿದ್ರ ನೀ ಎಲಿ ಕತ್ತರಿಸ್ಕೋತ ಕೇಳಿದಿ. ನಾಚಿಕಿ ಬರಬೇಕು ನನಗ. ಬಂದೈತಿ. ಮೈ ತುಂಬ ಬಂದೈತಿ.

ಯಾರೂ ಅಂದಿಲ್ಲ ಮಲಕವ್ವಾ.

ಯಾರೂ ಒಂದ ಮಾತ ಅಂದಿಲ್ಲ. ಸಂಭಾಜಿ ಅಣ್ಣಾ ದೇವರಂಥಾ ಮನಶ್ಯಾ, ‘ನಿಪ್ಪಾಣಿ ಮಲಕವ್ವ ಬಾಯಿ ಬಂದ್ರೇನು, ಅವರಿಗೆ ಮುಂದ ಕುರ್ಚಿ ಹಾಕ್ರಿ’ ಅಂತ ಎರಡ ಸಲ ಕೇಳಿದ್ರು. ನಾನ. ನಾನ ಒಬ್ಬಾಂವನ. ಯಾಕ ಅಂದ್ರ... ಕಾರ್ಯಕ್ರಮದ ಮೂರ ದಿನ ಮೊದಲ ನಮ್ಮ ಮನೀಯೊಳಗ ತಾಲೀಮ ಮಾಡಿದ್ವಲಾ, ಐನಾಪುರದಾಗ. ನೀ ಒಳಗ ಎದಿ ಬಿಚ್ಚಿ ಮಾದರ ಅಂತ ಕರದಿ. ಹೊರಗ ಕಟ್ಟಿ ಮ್ಯಾಲೆ ಕುಂತಾವರೊಳಗ ಬಾಳಾಸಾಬ ಒದರಿದಾ, ‘ಮಾಸ್ತರ, ಯಾರನ್ನ ಮನೀಯೊಳಗ ಕರ್ಯಾಕತ್ತೀರಿ?’ ಎಲ್ಲಾರೂ ನಕ್ರು.

ನಾನೂ ನಕ್ಕೆ.

ನೀ ಅಲ್ಲೇ ಇದ್ದಿ. ಹಾಡೂದ ಒಂಚೂರ ನಿಲ್ಲಿಸಿ, ನನ್ನ ಮಾರಿ ನೋಡಿ, ಮತ್ತ ಹಾಡಿದಿ. ಆ ಬಾಳಾಸಾಬ ಬಾಯಿಗಿ ಬಂದಂಗ ಮಾತಾಡಾಂವ, ಅಂವನ್ನ ಬಿಡು. ‘ಲೇ, ಅದ ತಾಯಿ ಅಂತ’ ಅಂದಿದ್ರ ಮುಗೀತಿತ್ತು. ಒಂದ ಮಾತ! ನಾ ನಕ್ಕೆ. ಆಮ್ಯಾಲೆ ಮೂರ ದಿನ ಆ ನಗು ನನ್ನ ಕಿವಿಯಾಗಿಂದ ಹೋಗಲಿಲ್ಲ. ಅಥಣಿ ಹಾಲಿನ್ಯಾಗ ಮುಂದಿನ ಸಾಲಿಗೆ ನಮ್ಮ ಬೀಗರು ಬರೂವರಿದ್ರು. ನಮ್ಮ ಮಗಳು ಸುಗಂಧಾಂದು ಆಗಷ್ಟ ಲಗ್ನ ನಿಶ್ಚಯ ಆಗಿತ್ತು. ಅವರು ನಕ್ರ? ಅವರು ಎದ್ದ ಹೋದ್ರ? ಮಾಸ್ತರ ಯಾರ ಕೂಡ ಸ್ಟೇಜ ಹತ್ಯಾನ ಅಂದ್ರ? ಮಾದರ, ಮಾದರ ಅಂತ ಒದರಸಾಕತ್ತಾನ ಅಂದ್ರ? ಯಾರೂ ಅನ್ನೂಕಿಂತ ಮೊದಲ ನಾನ ಎಲ್ಲಾರ ಬಾಯೊಳಗ ಮಾತ ಇಟ್ಟೆ. ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡ್ಕೊಂಡಂಗ. ಕಳ್ಳ ಅನ್ನಾವರೂ ಇದ್ದಿಲ್ಲ, ನಾನ ಮುಟ್ಕೊಂಡೆ.

ಬೀಗರು ಏನಂದ್ರ ಕೇಳ್ತಿಯಾ? ಕಾರ್ಯಕ್ರಮ ಮುಗದ ಮ್ಯಾಲೆ ಪತ್ರಿಕಿ ಹಿಡಕೊಂಡ ಬಂದು ಕೇಳಿದ್ರು, ‘ಮಾಸ್ತರ, ಈ ತಾಯಿ ಅನ್ನೂ ಹಾಡ ಯಾವಾಗ ಹಾಡ್ತೀರಿ? ಅದಕ್ಕಂತ ಕುಂತೇವಿ.’ ಅವರಿಗೂ ಜ್ವರಾ ಅಂದೆ. ಬಾಯಿಗೆ ರೂಢಿ ಆಗಿ ಹೋಗಿತ್ತು ಅಷ್ಟೊತ್ತಿಗೆ.

ನೀ ಆ ಮಾತ ಓಣಿಗೆಲ್ಲಾ ಒದರಿ ಹೇಳಿದ್ದಿ ಬೇ. ಹುಟ್ಟಿದಾಗಿಂದ ಬೈಗಳಾಗಿ ಕೇಳಿದ ಹೆಸರು ಒಂದ ದಿನ ತಾಯಿ ಆಗಿತ್ತು ನಿನಗ. ನಾನ ತಂದ ಕೊಟ್ಟೆ, ನಾನ ಕಸಗೊಂಡೆ. ಅಜ್ಜಿ ಹಿಟ್ಟಿನ ಡಬ್ಬಿಯೊಳಗ ಮುಚ್ಚಿಟ್ಟದ್ದರ ಗಂಡಸರಿಗಿ ಹೆದರಿ. ನಾ ಯಾರಿಗಿ ಹೆದರಿದೆ? ನನಗ ನಾನ. ನಾ ಒಳ್ಳೇಂವಾ ಅನಕೊಂಡಿದ್ದೆ ಮಲಕವ್ವಾ. ನಿಮ್ಮ ಮನ್ಯಾಗ ನೀರ ಕುಡೀತೀನಿ, ಚಹಾ ಕುಡೀತೀನಿ, ಅದ ಸಾಕು ಅನಕೊಂಡಿದ್ದೆ. ಇವತ್ತೂ ಏನ ಮಾಡಾಕ ಬಂದೆ ನೋಡು. ಮಾಫಿ ಕೇಳಾಕ ಬಂದಿಲ್ಲ. ಸುಳ್ಳ ಹೇಳಸಾಕ ಬಂದೆ. ನನ್ನ ಸುಳ್ಳಿಗೆ ನಿನ್ನ ಬಾಯಿ ಕೇಳಾಕ ಬಂದೆ!

ಏನರ ಅನ್ನ ಬೇ... ಅನ್ನಂಗಿಲ್ಲ. ಅನ್ನೂದೇನ ಉಳದೈತಿ ನಿನಗ. ಅನ್ನಾಂವ ನಾನು.

ಹಾರ್ನ್ ಆತಲಾ? ಗಾಡಿ ಬಂತು. ಓಣಿ ಹುಡುಗೂರು ಬೆನ್ನ ಹತ್ಯಾವ. ಆಕೀನ, ತಲಿ ಹೊರಗ ಹಾಕಿ ಕೈ ಮಾಡಾಕತ್ತಾಳ. ಆ ಪತ್ರಿಕಿ ನನ್ನ ಕೈಯಾಗ ಇರ್ಲಿ, ಇಸಗೋಬ್ಯಾಡ... ಏಳಬ್ಯಾಡ, ನೀ ಕುಂದ್ರು. ಕುಂದ್ರಿ. ನೀವು ಕುಂದ್ರಿ. ಹಿಂದಿಯೊಳಗ ಹೇಳ್ತೀನಿ, ನಿಮಗೂ ತಿಳೀತೈತಿ. ನಾ ಎಲ್ಲೆರ ಸುಳ್ಳ ಬೆರಸಿದ್ರ ಅಲ್ಲೇ ಹಿಡೀರಿ ನನ್ನ.

ಆಯಿಯೇ, ಆಯಿಯೇ ಮಹನಾಜ್ ಬಾಯಿ. ಹಾಂ ಜೀ, ಇವರ ನಿಮ್ಮ ಮಲಕವ್ವ ಮಾದರ. ನಹೀ, ಮೈ ಖಡಾ ಹೀ ಠೀಕ್ ಹೂಂ. ಬೈಠನೇ ಸೇ ಪಹಲೇ ಏಕ್ ಬಾತ್... ಉಸ್ ದಿನ್ ಇನ್ ಕೋ ಬುಖಾರ್ ನಹೀ ಥಾ. ಜ್ವರ ಬಂದಿದ್ದಿಲ್ಲ ಇವರಿಗೆ.